ಸಾಲ ಮಾಡಿ ಕಟ್ಟಿದ ಟ್ಯಾಕ್ಸು

ಈ ಸಲ ಇನ್‌ಕಮ್ ಟ್ಯಾಕ್ಸನ್ನ ಕ್ರೆಡಿಟ್ ಕಾರ್ಡಲ್ಲಿ ಕಟ್ಟಿದೆ. ಬಡ್ಡಿ ಸೇರಿ 24 ಸಾವಿರ. ಸಂಬಳದ್ದು ಕಚೇರಿಯವರೇ ಹಿಡಿದಿದ್ದರು. ಅನುವಾದದ ಕೆಲಸಕ್ಕೆ ಬಂದ ದುಡ್ಡಿಗೆ ಶೇ. 10 ಮಾತ್ರ ಟಿಡಿಎಸ್ ಆಗಿತ್ತು, ಎರಡೂ ಸೇರಿಸಿದಾಗ ಬಾಕಿ ಬಿತ್ತು.

ಕೈಯಲ್ಲಿದ್ದ ದುಡ್ಡು ತಂಗಿ ಮಗಳ ನರ್ಸಿಂಗ್ ಫೀಸಿಗೆ ಹೋಗಿತ್ತು. ಅವಳ ಸ್ಕಾಲರ್‌ಶಿಪ್ ಮಂಜೂರಾಗಿದೆ ಅಂತಾರೆ, ಅಕೌಂಟಿಗೆ ಬಂದಿಲ್ಲ. ಕಾಲೇಜಿನವರು ಕಾಯಲ್ಲ. ನಮ್ಮಲ್ಲಿ ಮೊದಲ ಸಲ ಸಂಬಳ ಕಂಡವರ ಕಥೆ ಬಹುತೇಕ ಇದೇ. ಸ್ಲಿಪ್ಪಲ್ಲಿ ಒಬ್ಬರ ಹೆಸರು, ಅದರ ಹಿಂದೆ ನಾಲ್ಕು ಮನೆ. ಹಳೇ ಪದ್ಧತಿಯಲ್ಲಿ ಸ್ವಂತ ಮಕ್ಕಳ ಟ್ಯೂಷನ್ ಫೀಸಿಗೆ 80ಸಿ ವಿನಾಯಿತಿ ಉಂಟು, ತಂಗಿ ಮಗಳಿಗೆ ಕಟ್ಟಿದರೆ ಇಲ್ಲ. ಕಾನೂನಿನ ಕಣ್ಣಿಗೆ ಕುಟುಂಬ ಅಂದ್ರೆ ಗಂಡ ಹೆಂಡತಿ ಎರಡು ಮಕ್ಕಳು!

ಕೇಳಿದವರಿಗೆ ಹೇಳ್ತೀನಿ. ಪೋರ್ಟಲ್‌ನ ಇ-ಪೇ ಟ್ಯಾಕ್ಸಲ್ಲಿ ಪೇಮೆಂಟ್ ಗೇಟ್‌ವೇ ಆರಿಸಿದರೆ ಕಾರ್ಡು ನಡೆಯುತ್ತೆ. ನೆಟ್ ಬ್ಯಾಂಕಿಂಗಲ್ಲಿ ನೇರ ಕಟ್ಟಿದರೆ ಹೆಚ್ಚಿನ ಖರ್ಚಿಲ್ಲ. ಕಾರ್ಡಾದರೆ ಗೇಟ್‌ವೇ ಶುಲ್ಕ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಶುಲ್ಕ ಶೇ. 1 ಅಂತ ಹಿಡಿದರೂ 24 ಸಾವಿರಕ್ಕೆ 283 ರೂಪಾಯಿ. ಅಂದ್ರೆ ಟ್ಯಾಕ್ಸ್ ಕಟ್ಟೋಕೂ ಟ್ಯಾಕ್ಸು. ಪಾಯಿಂಟ್ಸ್ ಆಸೆ ಬೇಡ, ಎಷ್ಟೋ ಕಾರ್ಡುಗಳು ಇಂಥ ಪಾವತಿಗೆ ಕೊಡಲ್ಲ.

ನಿಜವಾದ ಅಪಾಯ ಆಮೇಲಿಂದು. ಬಾಕಿ ತೆರಿಗೆಗೆ ಸರ್ಕಾರ ಹಾಕೋ ಬಡ್ಡಿ ತಿಂಗಳಿಗೆ ಶೇ. 1, ಅಂದ್ರೆ 240 ರೂಪಾಯಿ. ಕಾರ್ಡಿನ ಬಿಲ್ಲು ಪೂರ್ತಿ ಕಟ್ಟದಿದ್ರೆ ಬ್ಯಾಂಕಿಂದು ಶೇ. 3.5ರ ಆಸುಪಾಸು, ಅಂದ್ರೆ 840. ಅದರ ಮೇಲೂ ಜಿಎಸ್‌ಟಿ. 'ಮಿನಿಮಮ್ ಡ್ಯೂ' ಅನ್ನೋದು ಹಳ್ಳಿ ಸಾಹುಕಾರನ ಬಡ್ಡಿ ಪುಸ್ತಕದ ಹೊಸ ಹೆಸರು. ಮುಂದಿನ ಬಿಲ್ಲಿಗೆ ದುಡ್ಡು ಬಂದೇ ಬರುತ್ತೆ ಅನ್ನೋ ಖಾತ್ರಿ ಇದ್ದರೆ ಮಾತ್ರ ಈ ದಾರಿ ಹಿಡೀರಿ. ನನಗೆ ಅನುವಾದದ ಕಂತು ಬರೋದಿತ್ತು.

ಇಷ್ಟೆಲ್ಲ ಬರೆಯೋಕೆ ಕಾರಣ, ಕಚೇರಿಯಲ್ಲಿ ಒಬ್ಬರು ಟೀ ಕುಡೀತಾ ಅಂದ ಮಾತು: "ನಮ್ ಟ್ಯಾಕ್ಸ್ ದುಡ್ಡಲ್ಲಿ ನಿಮಗೆ ಎಲ್ಲಾ ಫ್ರೀ." ಅವರದೂ ನನ್ನದೂ ಒಂದೇ ಸ್ಲ್ಯಾಬು. ಪರಿಶಿಷ್ಟ ಜಾತಿಗೆ ಅಂತ ಆದಾಯ ತೆರಿಗೆಯಲ್ಲಿ ಒಂದು ರೂಪಾಯಿ ರಿಯಾಯಿತಿ ಇಲ್ಲ. ಕೂಲಿ ಮಾಡಿದ ನಮ್ಮವ್ವ ರಿಟರ್ನ್ ಹಾಕಿದವಳಲ್ಲ. ಆದರೆ ಸೋಪು, ಚಪ್ಪಲಿ, ಮೊಬೈಲ್ ರೀಚಾರ್ಜು, ಎಲ್ಲದರಲ್ಲೂ ತೆರಿಗೆ ಕೊಟ್ಟಿದ್ದಾಳೆ. ಬಾಬಾಸಾಹೇಬರು 1925ರಲ್ಲೇ ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸಿನ ಮೇಲೆ ಇಡೀ ಪುಸ್ತಕ ಪ್ರಕಟಿಸಿದವರು. ತೆರಿಗೆ ವಿಷ್ಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅಂದಹಾಗೆ ಈ ಕಾರ್ಡು ನನಗೆ ಸಿಕ್ಕಿದ್ದು ಮೂರನೇ ಅರ್ಜಿಗೆ. ಮೊದಲೆರಡು ಸಲ ಕೇರಿಯ ವಿಳಾಸ ಕೊಟ್ಟಿದ್ದೆ. ಪರಿಶೀಲನೆಗೆ ಬಂದ ಹುಡುಗ ರಸ್ತೆ ತಿರುವಲ್ಲೇ ನಿಂತು ಫೋನ್ ಮಾಡಿ, "ಸರ್, ಈ ಏರಿಯಾ ನಮ್ಮ ಲಿಸ್ಟಲ್ಲಿ ಬರಲ್ಲ" ಅಂದ. ಬಾಡಿಗೆ ಮನೆ ವಿಳಾಸಕ್ಕೆ ವಾರದಲ್ಲೇ ಬಂತು. ಸಂಬಳ ಅದೇ, ಪ್ಯಾನ್ ಅದೇ. ಹೀಗೆ ಏರಿಯಾ ನೋಡಿ ವಾಪಸ್ ಹೋದ ಅರ್ಜಿ ನಿಮ್ಮದೂ ಇದ್ದರೆ ಕೆಳಗೆ ಬರೀರಿ. ಬ್ಯಾಂಕಿನ ಹೆಸರು ಬೇಡ, ಊರು ವರ್ಷ ಸಾಕು. ಒಟ್ಟು ಮಾಡಿ ಕೇಳೋಣ.