ದನಿ ಕೈಕೊಟ್ಟಾಗ

ನನ್ನದು ಮಾತಿನ ಹೊಟ್ಟೆಪಾಡು. ಚಾಮರಾಜನಗರ ಜಿಲ್ಲೆಯಿಂದ ಒಂದು ಟಿವಿ ಚಾನೆಲ್‌ಗೆ ಸುದ್ದಿ ಕೊಡ್ತೀನಿ. ಸಂಬಳ ಇಲ್ಲ, ಸುದ್ದಿಗಿಷ್ಟು ಅಂತ ದುಡ್ಡು. 2023ರ ವಿಧಾನಸಭೆ ಚುನಾವಣೆಯಲ್ಲಿ ತಮಟೆ, ಪಟಾಕಿ, ಜೈಕಾರದ ನಡುವೆ ನಿಂತು ದಿನಕ್ಕೆ ಏಳೆಂಟು ಸಲ ಕೂಗಿ ಮಾತಾಡಿದೆ. ಮತ ಎಣಿಕೆ ಮುಗಿಯುವಷ್ಟರಲ್ಲಿ ದನಿ ಬಿದ್ದೇ ಹೋಯ್ತು.

"ಇನ್ನು ಕೂಗ್ಬೇಡ ಕಣವ್ವ" ಅಂತ ಅವ್ವ ಮೆಣಸಿನ ಕಷಾಯ ಕೊಟ್ಟಳು. ಪಿಸುಮಾತಲ್ಲೇ ದಿನ ದೂಡಿದೆ. ತಿಂಗಳಾದರೂ ಸರಿಹೋಗಲಿಲ್ಲ. ಆಫೀಸಿನಿಂದ ಫೋನ್ ಬರುವುದೂ ನಿಂತಿತು. ಆಗ ಭಯವಾಯ್ತು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಎರಡೂ ಧ್ವನಿತಂತುಗಳ ಮೇಲೆ ಸಣ್ಣ ಗಂಟು. ಗುದ್ದಲಿ ಹಿಡಿದ ಕೈ ಜಡ್ಡುಗಟ್ಟುತ್ತಲ್ಲ, ಹಾಗೆ. ಆಪರೇಷನ್ ಬೇಡ, ಥೆರಪಿ ಮಾಡೋಣ ಅಂದರು.

ಹೆಂಗಸರು ಮಾತಾಡುವಾಗ ಈ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವಂತೆ. ಅವು ಇರುವುದು ಉಸಿರಿನ ದಾರಿಯಲ್ಲಿ. ಹಾಗಾಗಿ ಕುಡಿದ ಕಷಾಯ ಅವನ್ನು ಮುಟ್ಟುವುದೇ ಇಲ್ಲ. ಪದೇ ಪದೇ ಕ್ಯಾಕರಿಸಿದರೆ ಅವಕ್ಕೆ ಪೆಟ್ಟು. ಪಿಸುಮಾತೂ ವಿಶ್ರಾಂತಿ ಅಲ್ಲ.

"ದಿನಕ್ಕೆ ಎಷ್ಟು ನೀರು ಕುಡೀತೀರಾ ಮೇಡಂ?" ಅಂತ ಥೆರಪಿಸ್ಟ್ ಕೇಳಿದರು. ನಾನು ಸುಮ್ಮನಾದೆ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆವರೆಗೂ ನೀರು ಮುಟ್ಟುತ್ತಿರಲಿಲ್ಲ. ಊರೂರು ಸುತ್ತುವ ಹೆಣ್ಣಿಗೆ ಶೌಚಾಲಯ ಎಲ್ಲಿದೆ? ನೀರು ಕಡಿಮೆಯಾದರೆ ತಂತುಗಳ ಮೇಲಿನ ಪಸೆ ಆರಿ ಉಜ್ಜಾಟ ಜಾಸ್ತಿಯಾಗುತ್ತೆ ಅಂತ ಆಗಲೇ ಗೊತ್ತಾಗಿದ್ದು.

ಅರ್ಧ ಲೋಟ ನೀರಿಗೆ ಸ್ಟ್ರಾ ಹಾಕಿ, ಗುಳ್ಳೆ ಬರುವ ಹಾಗೆ 'ಊ' ಅನ್ನುವುದು ನನ್ನ ದಿನದ ಪಾಠವಾಯ್ತು. ಮಕ್ಕಳು ನಕ್ಕರು. ಆದರೆ ಮೂರು ತಿಂಗಳಲ್ಲಿ ದನಿ ಮರಳಿತು, ಕೆಲಸವೂ ಮರಳಿತು. ಈಗ ಗದ್ದಲ ತಗ್ಗುವವರೆಗೆ ಕಾದು ಮಾತಾಡ್ತೀನಿ. ಬ್ಯಾಗಲ್ಲಿ ನೀರಿನ ಬಾಟಲಿ ಇರುತ್ತೆ. ಯಾವ ಊರಿಗೆ ಹೋದರೂ ಮೊದಲು ಆಶಾ ಅಕ್ಕನನ್ನು ಹುಡುಕಿ, "ಬಚ್ಚಲು ಎಲ್ಲಿದೆ ಅಕ್ಕ?" ಅಂತ ಕೇಳ್ತೀನಿ. ನಾಚಿಕೆ ಬಿಟ್ಟಿದ್ದೀನಿ.

ನಮ್ಮೂರ ಶಾಲೆ ಮೇಡಂಗೂ ಇದೇ ಕಥೆ. ಅವರೂ ಶೌಚಾಲಯ ಇಲ್ಲದ್ದಕ್ಕೇ ನೀರು ಕುಡಿಯುತ್ತಿರಲಿಲ್ಲ. ಮೇಷ್ಟ್ರು, ಕಂಡಕ್ಟರ್, ಸಂತೆಯಲ್ಲಿ ಕೂಗಿ ಮಾರುವವರು, ಯಾರೇ ಆಗಲಿ, ದನಿ ಒಡೆದು ಮೂರು ವಾರ ದಾಟಿದರೆ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿ. ಬೀಡಿ, ತಂಬಾಕು ಚಟ ಇದ್ದರಂತೂ ತಡ ಮಾಡಲೇಬೇಡಿ.