ಬ್ಯೂಲಿಯ ಮೋಟಾರು ಸಂತೆ

ಇಂಗ್ಲೆಂಡಿನ ದಕ್ಷಿಣತೀರಕ್ಕೆ ಸಮೀಪವಾಗಿ, ಹ್ಯಾಂಪ್‌ಷೈರು ಪ್ರಾಂತದ ‘ನ್ಯೂ ಫಾರೆಸ್ಟ್’ ಎಂಬ ಅರಣ್ಯದೊಳಗೆ ಬ್ಯೂಲಿ ಎಂಬ ಗ್ರಾಮವಿರುವುದು. ಫ್ರೆಂಚಿನಲ್ಲಿ ಈ ಹೆಸರಿಗೆ ರಮ್ಯಸ್ಥಾನವೆಂದರ್ಥ. ಇದನ್ನು ಬರೆಯುವ ಬಗೆ ಒಂದು, ಉಚ್ಚರಿಸುವ ಬಗೆ ಮತ್ತೊಂದು; ಪಾಣಿನಿಯನ್ನೋದಿದವರಿಗೆ ಇದು ಸಹಿಸತಕ್ಕ ಸಂಗತಿಯಲ್ಲ. ೧೨೦೪ರಲ್ಲಿ ಜಾನ್ ದೊರೆಯು ಇಲ್ಲಿ ಸನ್ಯಾಸಿಗಳಿಗೊಂದು ಮಠವನ್ನು ಕಟ್ಟಿಸಿಕೊಟ್ಟನು. ಅರಣ್ಯದ ತಟ್ಟುಗಳು ಈಗಲೂ ರಸ್ತೆಯ ನಡುವೆ ನಿಶ್ಚಿಂತೆಯಿಂದ ನಿಂತಿರುವುವು, ಗಾಡಿಗಳೇ ಕಾಯಬೇಕು.

ಇಲ್ಲಿನ ಜಮೀನುದಾರರಾಗಿದ್ದ ಮಾಂಟೆಗು ಪ್ರಭುಗಳು ತಮ್ಮ ತಂದೆಯ ಸ್ಮರಣಾರ್ಥವಾಗಿ ೧೯೫೨ರಲ್ಲಿ ಅರಮನೆಯ ಮುಂದಣ ಹಜಾರದಲ್ಲಿ ಐದು ಹಳೆಯ ಮೋಟಾರುಗಾಡಿಗಳನ್ನಿರಿಸಿದರು. ಅದೇ ಬೆಳೆದು ಮಹಾ ವಸ್ತುಸಂಗ್ರಹಾಲಯವಾಯಿತು. ೧೯೬೭ರಲ್ಲಿ ಹಳೆಯ ಬಿಡಿಭಾಗಗಳ ಸಂತೆಯೂ ಮೊದಲಾಗಿ, ಈಗ ಸೆಪ್ಟೆಂಬರು ತಿಂಗಳಲ್ಲಿ ಸಾವಿರಕ್ಕೂ ಮಿಕ್ಕ ಮಳಿಗೆಗಳು ನೆರೆಯುತ್ತವೆ.

ಸೌತ್‌ಹ್ಯಾಂಪ್ಟನ್ನಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಅಳಿಯಂದಿರು ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಅವರು ಪಂದ್ಯದ ಗಾಡಿಯೊಂದನ್ನು ಕಟ್ಟಬೇಕೆಂದು ಎಂಟು ವರ್ಷಗಳಿಂದ ಕೂಡಿಹಾಕಿದ್ದ ಸಾಮಾನು ಮನೆಯ ಕೊಟ್ಟಿಗೆಯನ್ನೆಲ್ಲ ತುಂಬಿತ್ತು. ಎರಡನೆಯ ಮಗು ಬರುವುದರೊಳಗೆ ಅಡಿಗೆಮನೆಯನ್ನು ವಿಸ್ತರಿಸಬೇಕೆಂದು ನಮ್ಮ ಮಗಳು ಹಟಹಿಡಿದಳು. ಆದುದರಿಂದ ಈ ವಿಕ್ರಯ.

ಪಕ್ಕದ ಮಳಿಗೆಯ ವೃದ್ಧರೊಬ್ಬರು ಕ್ರ್ಯಾಂಕ್ ಷಾಫ್ಟೊಂದನ್ನು ಹಗ್ಗದಿಂದ ತೂಗಹಾಕಿ, ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು. ದೇವಾಲಯದ ಗಂಟೆಯಂತೆ ನಾದವು ನಿಂತಿತು. ಬಿರುಕಿದ್ದರೆ ದನಿ ಒಡೆದು ಬೇಗ ಅಡಗುವುದಂತೆ. ನಮ್ಮ ಸಂತೆಗಳಲ್ಲಿ ಹೆಂಗಸರು ಮಡಕೆಯನ್ನು ಬೆರಳಗೆಣ್ಣಿನಿಂದ ಬಡಿದು ನೋಡುವುದು ಇದಲ್ಲದೆ ಮತ್ತೇನು?

ಅಳಿಯಂದಿರ ಸರಕಿನಲ್ಲಿ ಮುಖ್ಯವಾದುದು ಜಾಗ್ವಾರ್ ಎಂಜಿನ್ನಿನ ಸಿಲಿಂಡರ್ ಹೆಡ್ಡು. ೧೯೪೮ರಲ್ಲಿ ಹೊರಬಂದ ಈ ಎಕ್ಸ್‌ಕೆ ಎಂಜಿನ್ನಿಗೆ ಆರು ಸಿಲಿಂಡರುಗಳು, ೩೪೪೨ ಘನ ಸೆಂಟಿಮೀಟರು ಗಾತ್ರ, ಮೇಲ್ಗಡೆ ಎರಡು ಕ್ಯಾಮ್ ಷಾಫ್ಟುಗಳು. ಹೆಡ್ಡು ಅಲ್ಯುಮಿನಿಯಮ್ಮಿನದು; ವರ್ಷಗಳು ಕಳೆದಂತೆ ನೀರಿನ ದಾರಿಗಳ ಅಂಚನ್ನು ತುಕ್ಕಿನಂಥ ಕ್ಷಯವು ತಿನ್ನುತ್ತದೆ. ಸಂದಿಯಲ್ಲಿ ನೀರು ಸೋರಿದರೆ ಎಂಜಿನ್ನು ಕಾದು ಕೆಡುವುದು.

ತರುಣನೊಬ್ಬನು ಬಂದು ಅದನ್ನು ಮಗುವನ್ನೆತ್ತುವಂತೆ ಎತ್ತಿ ನೋಡಿ, ಕೇಳಿದ ಆರುನೂರು ಪೌಂಡಿಗೂ ಒಪ್ಪಿ ಹಣವನ್ನು ಹೊರತೆಗೆದನು. ಆಗ ಅಳಿಯಂದಿರು ಹೆಡ್ಡನ್ನು ಬೋರಲುಮಾಡಿ, ಹಿಂದುಗಡೆಯ ಒಂದು ರಂಧ್ರದ ಮೇಲೆ ಆತನ ಬೆರಳನ್ನೇ ಇರಿಸಿದರು. ಅಂಚು ಸವೆದುಹೋಗಿತ್ತು. ತರುಣನ ಮುಖವು ಬಾಡಿತು. ಬೆಸುಗೆಹಾಕಿಸಿ ಮಟ್ಟಮಾಡಿಸಬಹುದೆಂದೂ ಅದರ ಖರ್ಚು ಇಷ್ಟಾಗುವುದೆಂದೂ ಇವರೇ ಲೆಕ್ಕಹಾಕಿ ಹೇಳಿದರು. ಕಡೆಗೆ ಮುನ್ನೂರೈವತ್ತಕ್ಕೆ ವ್ಯಾಪಾರವು ಮುಗಿಯಿತು.

“ಆತನು ಕೇಳಲಿಲ್ಲವಲ್ಲ?” ಎಂದೆವು ನಾವು.

“ಅದನ್ನು ಜೋಡಿಸಿ ಪಂದ್ಯದಲ್ಲಿ ಓಡಿಸತಕ್ಕವನು ಅವನು, ಮಾವನವರೇ,” ಎಂದರು. ಬಳಿಕ ನಕ್ಕು, “ನಿಮ್ಮ ಮಗಳಿಗೆ ಮಾತ್ರ ನೀವೇ ತಿಳಿಸಬೇಕು,” ಎಂದು ಕೇಳಿಕೊಂಡರು.

ಸಂಜೆ ಮಗಳು ನೋಟುಗಳನ್ನು ಎರಡು ಸಲ ಎಣಿಸಿದಳು. ನಾವು ನಡೆದುದನ್ನು ವಿವರಿಸಿದೆವು. ಸ್ವಲ್ಪಹೊತ್ತು ಸುಮ್ಮನಿದ್ದು, ಒಲೆಯ ಮೇಲಣ ಹಾಲು ಉಕ್ಕೀತೆಂದು ಎದ್ದಳು. ಗಾಡಿಯ ಹಿಂಭಾಗದಲ್ಲಿ, ಗೋಣಿಯ ಕೆಳಗೆ, ಆ ದಿನವೇ ಕೊಂಡ ಒಂದು ಜೊತೆ ಎಸ್‌ಯು ಕಾರ್ಬ್ಯುರೇಟರುಗಳಿದ್ದ ವಿಷಯವನ್ನು ತಿಳಿಸುವ ಹೊಣೆಯನ್ನು ನಾವು ವಹಿಸಿಕೊಂಡಿರಲಿಲ್ಲ.