ಕಡಲೆಂಬ ಕಣಜ

ಶ್ರಾವಣದ ನೂಲು ಹುಣ್ಣಿಮೆ. ಮಳೆಗಾಲದ ಆರ್ಭಟ ತಗ್ಗಿರುತ್ತದೆ. ಕರಾವಳಿಯ ಮೀನುಗಾರರು ಮಿಂದು ಮಡಿಯುಟ್ಟು ಕಡಲ ತಡಿಯಲ್ಲಿ ನೆರೆಯುತ್ತಾರೆ. ಹಾಲು, ಹೂವು, ತೆಂಗಿನಕಾಯಿಗಳನ್ನು ಸಮುದ್ರರಾಜನಿಗೆ ಅರ್ಪಿಸಿ ಕೈಮುಗಿಯುತ್ತಾರೆ. ಅವರ ಪ್ರಾರ್ಥನೆಯಲ್ಲಿ ಅಡಗಿರುವ ಬೇಡಿಕೆಗಳು ಎರಡೇ: ಹೋದವರು ಕ್ಷೇಮವಾಗಿ ಮರಳಲಿ, ಬೀಸಿದ ಬಲೆ ಬರಿದಾಗದಿರಲಿ. ಇವುಗಳಲ್ಲಿ ಮೊದಲನೆಯದು ಕಡಲಿನ ಕೈಯಲ್ಲಿದೆ. ಎರಡನೆಯದು ಬಹುಮಟ್ಟಿಗೆ ಮನುಷ್ಯನ ಕೈಯಲ್ಲಿಯೇ ಇದೆ. ಈ ಸತ್ಯವನ್ನು ಅರಿಯಲು ಮಾನವನಿಗೆ ಬಹಳ ಕಾಲ ಹಿಡಿಯಿತು.

ಸಮುದ್ರವನ್ನು ಹಿರಿಯರು ರತ್ನಾಕರವೆಂದು ಕರೆದರು. ಮೊಗೆದಷ್ಟೂ ಮುಗಿಯದ ನಿಧಿ ಅದು ಎಂಬ ನಂಬಿಕೆ ಎಲ್ಲ ನಾಡುಗಳಲ್ಲಿಯೂ ಇತ್ತು. ಪಂಡಿತರೂ ಇದಕ್ಕೆ ಹೊರತಾಗಿರಲಿಲ್ಲ. 1883ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮೀನುಗಾರಿಕಾ ಪ್ರದರ್ಶನದಲ್ಲಿ ಪ್ರಸಿದ್ಧ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿಯು, ಕಾಡ್ ಮೊದಲಾದ ಮೀನುಗಳ ಮಹಾ ಸಂಪತ್ತು ಎಂದಿಗೂ ಬರಿದಾಗದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದನು. ಆದರೆ ಅವನು ತನ್ನ ಮಾತಿಗೆ ಒಂದು ಮಿತಿಯನ್ನೂ ಹಾಕಿದ್ದನು. ಅಂದಿನ ಮೀನುಗಾರಿಕೆಯ ಕ್ರಮಗಳು ಹಾಗೆಯೇ ಇರುವಷ್ಟು ಕಾಲ ಮಾತ್ರ ಆ ಮಾತು ನಿಲ್ಲುವಂತಹುದು. ಜಗತ್ತು ಮಾತನ್ನು ನೆನಪಿಟ್ಟುಕೊಂಡಿತು, ಮಿತಿಯನ್ನು ಮರೆತುಬಿಟ್ಟಿತು.

ಮರೆತುದರ ಫಲವನ್ನು ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ದ್ವೀಪ ಉಂಡಿತು. 1497ರಲ್ಲಿ ನಾವಿಕ ಜಾನ್ ಕ್ಯಾಬಟ್ ಅಟ್ಲಾಂಟಿಕ್ ಸಾಗರವನ್ನು ದಾಟಿ ಅತ್ತ ಹೋಗಿ ಬಂದನು. ಬುಟ್ಟಿಗೆ ಕಲ್ಲು ಕಟ್ಟಿ ನೀರಿಗಿಳಿಸಿದರೆ ಸಾಕು, ಮೀನು ತುಂಬಿ ಬರುತ್ತದೆ ಎಂದು ಅವನ ಸಂಗಡಿಗರು ಹೇಳಿದುದಾಗಿ ಆ ಕಾಲದ ಒಂದು ಪತ್ರದಲ್ಲಿ ದಾಖಲಾಗಿದೆ. ಅದೇ ಕಾಡ್ ಮೀನು. ಮುಂದೆ ನಾಲ್ಕುನೂರು ವರ್ಷಗಳಿಗೂ ಮಿಕ್ಕಿ ಜನರು ಅಲ್ಲಿ ಆ ಮೀನನ್ನು ಹಿಡಿದರು, ಉಪ್ಪು ಹಚ್ಚಿ ಒಣಗಿಸಿದರು, ಹಡಗುಗಳಲ್ಲಿ ತುಂಬಿ ದೂರದೇಶಗಳಿಗೆ ಮಾರಿದರು. ದಡದುದ್ದಕ್ಕೂ ಊರುಗಳು ಹುಟ್ಟಿದವು. ಆದರೂ ಮೀನು ತೀರಿಹೋಗಲಿಲ್ಲ.

ಇದಕ್ಕೆ ಕಾರಣ ಜನರ ಸಂಯಮವಲ್ಲ, ಅವರ ಅಶಕ್ತಿ. ಸಣ್ಣ ದೋಣಿ, ಗಾಳ, ಕೈಬಲೆಗಳು ಅವರ ಸಾಧನಗಳು. ಚಳಿಗಾಲದಲ್ಲಿ ಕಡಲಿಗೆ ಹಿಮಗಡ್ಡೆ ಅಡ್ಡ ಬರುತ್ತಿತ್ತು, ಮಂಜು ದಾರಿಗೆಡಿಸುತ್ತಿತ್ತು. ದೂರದ ಆಳವಾದ ನೀರಿನಲ್ಲಿ ಮೊಟ್ಟೆಯಿಡುತ್ತಿದ್ದ ದೊಡ್ಡ ಮೀನುಗಳತ್ತ ಮನುಷ್ಯನ ಕೈ ಚಾಚುತ್ತಿರಲಿಲ್ಲ. ಪ್ರಕೃತಿಯೇ ಕಣಜದ ಒಂದು ಕೋಣೆಗೆ ಬೀಗ ಹಾಕಿ ಬಿತ್ತನೆಯ ಬೀಜವನ್ನು ಕಾಪಾಡಿತ್ತು.

1950ರ ದಶಕದಿಂದ ಆ ಬೀಗ ಮುರಿಯಿತು. ಕಾರ್ಖಾನೆಗಳಂತಹ ಬೃಹತ್ ಹಡಗುಗಳು ಯುರೋಪಿನಿಂದ ಅಲ್ಲಿಗೆ ಬಂದವು. ಕಡಲತಳವನ್ನು ಗೋರಿಕೊಂಡು ಬರುವ ಟ್ರಾಲ್ ಬಲೆ ಅವುಗಳ ಬೆನ್ನಿಗಿತ್ತು. ಹಿಡಿದ ಮೀನನ್ನು ಹಡಗಿನಲ್ಲಿಯೇ ಕೊಯ್ದು, ಹೆಪ್ಪುಗಟ್ಟಿಸಿ ಇಡುವ ಅನುಕೂಲವೂ ಇತ್ತು. ಅವಕ್ಕೆ ರಾತ್ರಿಯೂ ಹಗಲಾಯಿತು, ಚಳಿಗಾಲವೂ ಸುಗ್ಗಿಯಾಯಿತು. 1968ರಲ್ಲಿ ಅಲ್ಲಿನ ಕಾಡ್ ಮೀನಿನ ಹಿಡಿತ ಸುಮಾರು 8 ಲಕ್ಷ ಟನ್ನುಗಳಿಗೆ ಏರಿತು. ಆ ಬಳಿಕ ಇಳಿಮುಖವಾಯಿತು. 1977ರಲ್ಲಿ ಕೆನಡಾ ತನ್ನ ದಡದಿಂದ 200 ನಾಟಿಕಲ್ ಮೈಲುಗಳವರೆಗಿನ ಕಡಲಿನ ಮೇಲೆ ಹಕ್ಕು ಸ್ಥಾಪಿಸಿ ಪರದೇಶದ ಹಡಗುಗಳನ್ನು ಹೊರಗಟ್ಟಿತು. ಆದರೆ ಪರರ ಹಡಗುಗಳು ಬಿಟ್ಟ ಸ್ಥಳವನ್ನು ಸ್ವದೇಶದ ಹಡಗುಗಳು ತುಂಬಿದವು.

ಈ ಕಥೆಯ ಅತ್ಯಂತ ದುಃಖಕರವಾದ ಭಾಗ ಇನ್ನು ಬರುತ್ತದೆ. ದಡದ ಬಳಿಯಲ್ಲಿ ದುಡಿಯುವ ಸಣ್ಣ ಮೀನುಗಾರರು 1980ರ ದಶಕದಲ್ಲಿಯೇ, ಮೀನು ಕಡಿಮೆಯಾಗುತ್ತಿದೆ, ಗಾತ್ರವೂ ಕುಗ್ಗುತ್ತಿದೆ ಎಂದು ದೂರಿದರು. ಅತ್ತ ದೊಡ್ಡ ಹಡಗುಗಳ ಬಲೆಗಳು ಮಾತ್ರ ತುಂಬಿಯೇ ಬರುತ್ತಿದ್ದವು. ಉಳಿದ ಮೀನುಗಳು ಅಲ್ಲಲ್ಲಿ ಗುಂಪುಗೂಡಿದ್ದವು. ಯಂತ್ರಗಳ ಕಣ್ಣು ಆ ಗುಂಪುಗಳನ್ನು ಹುಡುಕಿ ಹಿಡಿಯುತ್ತಿತ್ತು. ಕಣಜ ಬರಿದಾಗುತ್ತಿದ್ದರೂ ಕೊಳಗ ತುಂಬುತ್ತಲೇ ಇತ್ತು. ಲೆಕ್ಕ ಬರೆಯುವವರು ಕೊಳಗವನ್ನು ನೋಡಿದರೇ ಹೊರತು ಕಣಜಕ್ಕೆ ಇಣುಕಿ ನೋಡಲಿಲ್ಲ. ಜೊತೆಗೆ ಆ ವರ್ಷಗಳಲ್ಲಿ ಕಡಲಿನ ನೀರು ಹೆಚ್ಚು ತಣ್ಣಗಾದುದೂ ಮೀನುಗಳಿಗೆ ಮುಳುವಾಯಿತು. 1992ರ ಜುಲೈ 2ರಂದು ಸರ್ಕಾರ ಕಾಡ್ ಮೀನುಗಾರಿಕೆಯನ್ನು ನಿಷೇಧಿಸಿತು. ಸುಮಾರು 30,000 ಜನರು ಕೆಲಸ ಕಳೆದುಕೊಂಡರು. ಶತಮಾನಗಳ ಕಸುಬು ಒಂದೇ ದಿನದಲ್ಲಿ ನಿಂತಿತು. ದೋಣಿಗಳು ದಡವೇರಿದವು, ಯುವಕರು ಕೆಲಸವನ್ನರಸಿ ಊರು ಬಿಟ್ಟರು. ಕಡಲ ಮಗ್ಗುಲಲ್ಲೇ ಇದ್ದೂ ಮೀನಿಲ್ಲದ ಆ ಜನರ ಪಾಡು "ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ" ಎಂಬ ಗಾದೆಯನ್ನು ನಿಜವಾಗಿಸಿತು.

ನಿಷೇಧ ಎರಡು ವರ್ಷ ಸಾಕೆಂದು ಮೊದಲು ಎಣಿಸಲಾಗಿತ್ತು. ಅದು 32 ವರ್ಷ ನಡೆಯಿತು. 2024ರಲ್ಲಿ ಅದನ್ನು ತೆಗೆದಾಗ ಆ ವರ್ಷಕ್ಕೆ ಗೊತ್ತುಪಡಿಸಿದ ಹಿಡಿತದ ಮಿತಿ ಕೇವಲ 18,000 ಟನ್ನು. ಕಡಲಿನ ಜೀವಜಾಲವೂ ಈ ನಡುವೆ ಬದಲಾಗಿತ್ತು. ಕಾಡ್ ಕುಗ್ಗಿದ ನೀರಿನಲ್ಲಿ ಸಿಗಡಿ, ಏಡಿಗಳು ಹೆಚ್ಚಿದವು. ಹೆಣೆದ ಚಾಪೆಯ ಒಂದು ಎಳೆಯನ್ನು ಕಿತ್ತರೆ ಉಳಿದ ಎಳೆಗಳೂ ತಮ್ಮ ಸ್ಥಾನದಲ್ಲಿ ನಿಲ್ಲುವುದಿಲ್ಲ.

ಇದು ದೂರದೇಶದ ಕಥೆಯೆಂದು ಕರ್ನಾಟಕದ ಕರಾವಳಿ ಸುಮ್ಮನಿರುವಂತಿಲ್ಲ. ಇಲ್ಲಿ ಹಿಂದೆ ರಂಪಣಿ ಎಂಬ ಬಹು ಉದ್ದವಾದ ಬಲೆಯ ಕಾಲವೊಂದಿತ್ತು. ಬಂಗುಡೆ, ಬೂತಾಯಿಗಳ ಹಿಂಡು ದಡದ ಸಮೀಪಕ್ಕೆ ಬಂದಾಗ ದೋಣಿಯಲ್ಲಿ ಹೋಗಿ ಅದರ ಸುತ್ತ ಬಲೆಯನ್ನು ಬಿಡುತ್ತಿದ್ದರು. ಹತ್ತಾರು ಜನರು ದಡದಲ್ಲಿ ನಿಂತು ಅದರ ಎರಡು ತುದಿಗಳನ್ನೂ ಎಳೆಯುತ್ತಿದ್ದರು. ಬಂದ ಮೀನಿನಲ್ಲಿ ಹಲವು ಮನೆಗಳಿಗೆ ಪಾಲಿರುತ್ತಿತ್ತು. ರಂಪಣಿಯೂ ಅಪಾರ ಮೀನನ್ನು ಹಿಡಿಯುತ್ತಿತ್ತು, ನಿಜ. ಆದರೆ ಅದು ಮೀನು ಬರುವವರೆಗೆ ಕಾಯುತ್ತಿತ್ತು, ಮೀನನ್ನು ಅಟ್ಟಿಕೊಂಡು ಹೋಗುತ್ತಿರಲಿಲ್ಲ. ದಡಕ್ಕೆ ಬಾರದ ಹಿಂಡು ಬದುಕುತ್ತಿತ್ತು.

1970ರ ದಶಕದ ನಡುವಿನಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದಿತು. ಎಲೆಯಡಿಕೆಯ ಸಂಚಿಯ ಬಾಯನ್ನು ದಾರವೆಳೆದು ಬಿಗಿಯುವಂತೆ, ಹಿಂಡನ್ನು ಸುತ್ತುವರಿದು ಬಲೆಯ ಅಡಿಯನ್ನು ಹಗ್ಗವೆಳೆದು ಬಿಗಿಯುವ ಕ್ರಮ ಅದು. ಹಿಂಡು ದಡಕ್ಕೆ ಬರುವ ಮೊದಲೇ ನಡುನೀರಿನಲ್ಲಿ ಸೆರೆಯಾಗತೊಡಗಿತು. ಕಾಯುತ್ತ ನಿಂತ ರಂಪಣಿಗಳು ಬರಿದಾದವು. ಹಳೆಯ ಬಲೆಯವರಿಗೂ ಹೊಸ ಬಲೆಯವರಿಗೂ ಘರ್ಷಣೆಗಳಾದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸೇರಿತು. ಇತ್ತ ಸಿಗಡಿಗಾಗಿ ಎಳೆಯುವ ಟ್ರಾಲ್ ಬಲೆಗಳಲ್ಲಿ ಇನ್ನೂ ಬೆಳೆಯದ ಮರಿಮೀನುಗಳೂ ರಾಶಿ ರಾಶಿಯಾಗಿ ಸಿಕ್ಕಿಬೀಳುತ್ತವೆ. ಊಟದ ತಟ್ಟೆಗೆ ಒದಗದ ಆ ಮರಿಗಳು ಮೀನುಹಿಟ್ಟಿನ ಕಾರ್ಖಾನೆಗಳಿಗೆ ಸಾಗುತ್ತವೆ. ಬೂತಾಯಿಯ ಏರಿಳಿತಕ್ಕೆ ಕಡಲಿನ ಹವೆಯೂ ಕಾರಣವಾಗಿರುತ್ತದೆ, ನಿಜ. ಆದರೆ ಹವೆಯ ಹೊಡೆತದಿಂದ ಸೊರಗಿದ ಹಿಂಡಿಗೆ ಬಲೆಯ ಹೊಡೆತವೂ ಬಿದ್ದರೆ ಅದು ಚೇತರಿಸಿಕೊಳ್ಳುವುದೆಂತು?

ಹಾಗೆಂದು ಯಂತ್ರವನ್ನೇ ಹಳಿಯುವುದು ವಿವೇಕವಲ್ಲ. ಅದು ಮೀನುಗಾರನ ಬೆನ್ನಿನ ಭಾರವನ್ನು ಇಳಿಸಿತು; ಬಿರುಗಾಳಿಯಲ್ಲಿ ಅವನನ್ನು ಬೇಗ ದಡ ಸೇರಿಸಿತು. ಆದರೆ ಹಿಂದೆ ಪ್ರಕೃತಿ ಹಾಕಿದ್ದ ಬೀಗವನ್ನು ಯಂತ್ರ ತೆರೆದ ಮೇಲೆ, ಮನುಷ್ಯನೇ ಹೊಸದೊಂದು ಬೀಗವನ್ನು ಹಾಕಬೇಕಾಗುತ್ತದೆ. ಹಿಂದೆ ಮಳೆಗಾಲವೇ ಕಡಲಿನ ಬಾಗಿಲನ್ನು ಮುಚ್ಚುತ್ತಿತ್ತು. ಇಂದು ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಕಾನೂನು ಆ ಬಾಗಿಲನ್ನು ಮುಚ್ಚುತ್ತದೆ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವದು. ಪ್ರಖರವಾದ ದೀಪಗಳನ್ನು ಉರಿಸಿ ಮೀನನ್ನು ಸೆಳೆಯುವುದನ್ನೂ, ಎರಡು ದೋಣಿಗಳು ಜೋಡಿಯಾಗಿ ಟ್ರಾಲ್ ಬಲೆ ಎಳೆಯುವುದನ್ನೂ 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಆದರೆ ವಿಸ್ತಾರವಾದ ಕಡಲಿನಲ್ಲಿ ಪ್ರತಿಯೊಂದು ದೋಣಿಯ ಹಿಂದೆಯೂ ಒಬ್ಬ ಕಾವಲುಗಾರನನ್ನು ಇರಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಕೊನೆಯ ಬೀಗ ಮನುಷ್ಯನ ಮನಸ್ಸಿನಲ್ಲಿಯೇ ಇರಬೇಕು.

ಬರಗಾಲದಲ್ಲಿ ಹಸಿದ ರೈತನೂ ಬಿತ್ತನೆಯ ಬೀಜವನ್ನು ಮುಟ್ಟಲು ಹಿಂಜರಿಯುತ್ತಾನೆ. ಅದು ತನ್ನದಲ್ಲ, ಮುಂದಿನ ವರ್ಷದ್ದು ಎಂಬುದನ್ನು ಅವನು ಬಲ್ಲನು. ಕಡಲಿನ ಬೀಜ ಕಣ್ಣಿಗೆ ಕಾಣುವುದಿಲ್ಲವಾದುದರಿಂದ ಅದನ್ನು ಉಳಿಸಲು ಇನ್ನೂ ಹೆಚ್ಚಿನ ವಿವೇಕ ಬೇಕು. ಬಲೆಯ ಕಣ್ಣಿನಿಂದ ನುಸುಳಿ ಪಾರಾದ ಒಂದು ಮರಿಮೀನು ಮೀನುಗಾರನಿಗೆ ಆದ ನಷ್ಟವಲ್ಲ. ಮುಂದಿನ ನೂಲು ಹುಣ್ಣಿಮೆಗೆ ಅವನು ಕಡಲಿನಲ್ಲಿ ಇಟ್ಟು ಬಂದ ಗಂಟು. ಹಾಲು, ಹೂವುಗಳ ಜೊತೆಗೆ ಅದನ್ನೂ ಅರ್ಪಿಸಿದಾಗ ಅವನ ಪ್ರಾರ್ಥನೆ ಪೂರ್ಣವಾಗುತ್ತದೆ.